ಬಟ್ಟೆ ಹಗ್ಗದ ಮೇಲೆ ಕೈನೆಸಿನ್ ನಡಿಗೆ

ಜೀವಕೋಶದೊಳಗೆ ಸರಕು ಸಾಗಿಸುವ ಕೈನೆಸಿನ್ ಎಂಬ ಪ್ರೋಟೀನು ಹಮಾಲನಂತೆ ತಲೆಯ ಮೇಲೆ ದೊಡ್ಡ ಮೂಟೆ ಹೊತ್ತು ಠೀವಿಯಿಂದ ಹೆಜ್ಜೆ ಹಾಕುವ ಅನಿಮೇಷನ್‌ಗಳನ್ನು ಇಂದಿನ ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ. ನೋಡಲು ಚೆಂದ, ಆದರೆ ಆ ಠೀವಿ ನಿಜವಲ್ಲ. ಎಂಟನೆಯ ತರಗತಿಯ ಮಗಳಿಗಾಗಿ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ಮಾಡಿದ ಒಂದು ಮಾದರಿಯ ಮೂಲಕ ಈ ನಡಿಗೆಯನ್ನು ವಿವರಿಸುತ್ತೇನೆ. ಬಟ್ಟೆ ಒಣಹಾಕುವ ಹಗ್ಗ, ಎರಡು ಕ್ಲಿಪ್, ದಾರ, ಸ್ಕೆಚ್ ಪೆನ್ನು, ಕಾಗದದ ಚೀಟಿಗಳು ಇದ್ದರೆ ಸಾಕು. ಒಂದು ನ್ಯಾನೊಮೀಟರಿಗೆ ಒಂದು ಸೆಂಟಿಮೀಟರ್ ಎಂಬ ಅಳತೆ ಇಟ್ಟುಕೊಳ್ಳಿ.

ಮೊದಲು ದಾರಿ ಸಿದ್ಧವಾಗಬೇಕು. ಕೈನೆಸಿನ್ ನಡೆಯುವುದು ಮೈಕ್ರೊಟ್ಯೂಬ್ಯೂಲ್ ಎಂಬ ಟೊಳ್ಳು ಕೊಳವೆಯ ಮೇಲೆ. ಸುಮಾರು 25 ನ್ಯಾನೊಮೀಟರ್ ದಪ್ಪದ ಈ ಕೊಳವೆಯಲ್ಲಿ ಸಾಮಾನ್ಯವಾಗಿ 13 ಎಳೆಗಳು ಪಕ್ಕಪಕ್ಕ ಕೂಡಿರುತ್ತವೆ. ನಮ್ಮ ಹಗ್ಗ ಅವುಗಳಲ್ಲಿ ಒಂದು ಎಳೆ ಮಾತ್ರ. ಎಳೆಯನ್ನು ಕಟ್ಟುವ ಆಲ್ಫಾ ಮತ್ತು ಬೀಟಾ ಟ್ಯೂಬ್ಯುಲಿನ್ ಎಂಬ ಪ್ರೋಟೀನುಗಳ ಜೋಡಿ ಒಂದಕ್ಕೆ 8 ನ್ಯಾನೊಮೀಟರ್ ಉದ್ದ. ಆದ್ದರಿಂದ ಹಗ್ಗಕ್ಕೆ 4 ಸೆಂಟಿಮೀಟರ್ ಕೆಂಪು, 4 ಸೆಂಟಿಮೀಟರ್ ನೀಲಿ ಬಣ್ಣವನ್ನು ಇದೇ ಕ್ರಮದಲ್ಲಿ ಕೊನೆಯವರೆಗೂ ಹಚ್ಚಿ. ಕ್ರಮ ಎಲ್ಲಿಯೂ ತಿರುಗಬಾರದು, ಏಕೆಂದರೆ ಯಾವ ಕಡೆ ಹೋಗಬೇಕೆಂಬುದು ಪ್ರೋಟೀನಿಗೆ ತಿಳಿಯುವುದು ಈ ಕ್ರಮದಿಂದಲೇ.

ಎರಡು ಕ್ಲಿಪ್ಪುಗಳನ್ನು ಗೇಣುದ್ದಕ್ಕಿಂತ ಕಡಿಮೆ ದಾರದಿಂದ ಜೋಡಿಸಿ, ದಾರದ ನಡುವಿನಿಂದ ಒಂದು ಹಗುರ ಪೊಟ್ಟಣ ತೂಗುಬಿಡಿ. ಕ್ಲಿಪ್ಪುಗಳು ಎರಡು ಪಾದಗಳು, ಪೊಟ್ಟಣವೇ ಸರಕು. ಜೀವಕೋಶದ ಇಂಧನ, ಮೂರು ಫಾಸ್ಫೇಟ್‌ಗಳಿರುವ ಎಟಿಪಿ ಎಂಬ ಅಣು. ಅದಕ್ಕೆಂದು ಚೀಟಿಗಳ ಅಂಚಿನಲ್ಲಿ ಮೂರು ಝಾಲರಿ ಕತ್ತರಿಸಿಡಿ: ಮೂರೂ ಇದ್ದರೆ ಎಟಿಪಿ, ಒಂದನ್ನು ಹರಿದರೆ ಎಡಿಪಿ.

ಈಗ ಒಂದು ಹೆಜ್ಜೆ. ಮುಂದಿನ ಪಾದ ಖಾಲಿ, ನೀಲಿ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದೆ. ಹಿಂದಿನದರಲ್ಲಿ ಎಡಿಪಿ ಇರುವುದರಿಂದ ಹಿಡಿತ ಸಡಿಲ. ಮುಂದಿನ ಪಾದಕ್ಕೆ ಎಟಿಪಿ ಚೀಟಿ ಸಿಕ್ಕಿಸಿದೊಡನೆ ಅದರ ಕುತ್ತಿಗೆಯ ಎಳೆ (ಪಾದವನ್ನು ಉಳಿದ ಭಾಗಕ್ಕೆ ಜೋಡಿಸುವ, ನಮ್ಮ ದಾರದಂಥ ಭಾಗ) ಮುಂದಕ್ಕೆ ಬಾಗಿ ಅಂಟಿಕೊಳ್ಳುತ್ತದೆ, ಹಿಂದಿನ ಪಾದ ಮುಂಬದಿಗೆ ಬರುತ್ತದೆ. ಇಲ್ಲಿಯೇ ನಾನು ತಪ್ಪಿದ್ದು. ಕ್ಲಿಪ್ಪನ್ನು ಬೆರಳಿನಲ್ಲಿ ಹಿಡಿದು ನೇರವಾಗಿ ಮುಂದಿನ ನೀಲಿಯ ಮೇಲೆ ಇಟ್ಟಾಗ ಮಗಳು ಕೇಳಿದಳು: “ಅಪ್ಪಾ, ನೀನೇ ಎತ್ತಿ ಇಡ್ತಿದ್ದೀಯಲ್ಲ, ಜೀವಕೋಶದೊಳಗೆ ಯಾರು ಎತ್ತಿಡ್ತಾರೆ?”

ಯಾರೂ ಇಲ್ಲ. ಸುತ್ತಲಿನ ನೀರಿನ ಅಣುಗಳು ಎಲ್ಲ ಕಡೆಯಿಂದ ಎಡೆಬಿಡದೆ ತಾಡಿಸುವುದರಿಂದ ಬಿಡಿಯಾದ ಪಾದ ತಡಕಾಡುತ್ತದೆ, ತಡಕಾಡುತ್ತಲೇ ಮುಂದಿನ ಜಾಗಕ್ಕೆ ತಗಲುತ್ತದೆ. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ದಾದರಿನಲ್ಲಿ ಇಳಿಯುವವರು ಬಾಗಿಲ ಕಡೆಗೆ ಸರಿಯುವುದೂ ಹೆಚ್ಚುಕಡಿಮೆ ಹೀಗೆಯೇ: ನೂಕುವುದು ಗುಂಪು, ನಾವು ಮಾಡುವುದು ಸರಿದಷ್ಟಕ್ಕೆ ಮುಂದಿನ ಹಿಡಿಕೆ ಹಿಡಿದು ಹಿಂದಕ್ಕೆ ಹೋಗದಂತೆ ನೋಡಿಕೊಳ್ಳುವುದು. ಎಟಿಪಿ ಬೆನ್ನಿನ ಮೇಲಿನ ಕೈ ಅಲ್ಲ. ಯಾವ ಬದಿಯ ಓಲಾಟ ಉಳಿಯಬೇಕು, ಯಾವುದು ವ್ಯರ್ಥವಾಗಬೇಕು ಎಂದು ಅದು ಗೊತ್ತುಮಾಡುತ್ತದೆ. ಆದ್ದರಿಂದ ಟೇಬಲ್ ಫ್ಯಾನ್ ಹಚ್ಚಿ, ಕ್ಲಿಪ್ಪು ದಾರದಲ್ಲಿ ತೂಗಾಡಲಿ. ಮುಂದಿನ ನೀಲಿಯ ಬಳಿ ಬಂದಾಗ ಮಾತ್ರ ಹಿಡಿಸಿ.

ಹಿಡಿದ ಪಾದ ಎಡಿಪಿಯನ್ನು ಹೊರಹಾಕಿ ಬಿಗಿಯಾಗುತ್ತದೆ. ಆಮೇಲೆ, ಈಗ ಹಿಂದೆ ಉಳಿದ ಪಾದದ ಚೀಟಿಯ ಒಂದು ಝಾಲರಿ ಹರಿಯಿರಿ: ಫಾಸ್ಫೇಟ್ ಹೋಯಿತು, ಹಿಡಿತ ಸಡಿಲವಾಯಿತು. ಅವಸರಪಟ್ಟು ಮೊದಲೇ ಹರಿದರೆ ಎರಡೂ ಪಾದ ಸಡಿಲವಾಗಿ ಪೊಟ್ಟಣ ನೆಲಕ್ಕೆ ಬೀಳುತ್ತದೆ. ಪಾದ ದಾಟಿದ್ದು 16 ಸೆಂಟಿಮೀಟರ್, ಪೊಟ್ಟಣ ಸರಿದದ್ದು 8, ಖರ್ಚಾದದ್ದು ಒಂದು ಚೀಟಿ. ಕೈನೆಸಿನ್ ಪತ್ತೆಯಾದದ್ದು 1985ರಲ್ಲಿ, ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಅಧ್ಯಯನದಿಂದ; ಲೇಸರ್ ಕಿರಣದ ಚಿಮಟದಲ್ಲಿ ಸಣ್ಣ ಮಣಿಯನ್ನು ಹಿಡಿದು ಈ 8 ನ್ಯಾನೊಮೀಟರ್ ಹೆಜ್ಜೆಯನ್ನು ಅಳೆದದ್ದು 1993ರಲ್ಲಿ. ಸೆಕೆಂಡಿಗೆ ಸುಮಾರು ನೂರು ಹೆಜ್ಜೆ ಬೀಳುತ್ತವೆ. ಆ ವೇಗದಲ್ಲಿ ಒಂದು ಮೀಟರ್ ಉದ್ದದ ನರತಂತುವಿನ ತುದಿ ಮುಟ್ಟಲು ಎರಡು ವಾರ ಬೇಕು.

ಡೈನೀನ್ ಎಂಬ ಇನ್ನೊಂದು ಪ್ರೋಟೀನು ಇದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೋಗುತ್ತದೆ, ಅದರ ಹೆಜ್ಜೆಗೆ ಒಂದೇ ಅಳತೆಯಿಲ್ಲ. ಭಾರವಿಲ್ಲದಾಗ 24 ಅಥವಾ 32 ನ್ಯಾನೊಮೀಟರ್ ದಾಟುವ ಡೈನೀನ್ ಭಾರ ಹೆಚ್ಚಿದಂತೆ ಗೇರು ಬದಲಿಸಿದ ವಾಹನದಂತೆ 8ಕ್ಕೆ ಇಳಿಯುತ್ತದೆಂದು 2004ರಲ್ಲಿ ತೋರಿಸಿದವರಲ್ಲಿ ರೂಪ್ ಮಲ್ಲಿಕ್ ಒಬ್ಬರು. ಅವರು ಮುಂದೆ ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ಪ್ರೋಟೀನುಗಳ ಕೆಲಸ ಮುಂದುವರಿಸಿ 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದರು. ಮಾದರಿಯಲ್ಲಿ ಡೈನೀನ್ ಬೇಕೆಂದರೆ ಉದ್ದ ದಾರದ ಇನ್ನೊಂದು ಜೋಡಿ ಕ್ಲಿಪ್ಪುಗಳನ್ನು ಅದೇ ಪೊಟ್ಟಣಕ್ಕೆ ಕಟ್ಟಿ, ಎದುರು ದಿಕ್ಕಿಗೆ ನಡೆಸಬಹುದು.

ಪೊಟ್ಟಣ ಕೆಳಗೆ ಬಿದ್ದರೆ ಮಕ್ಕಳನ್ನು ಗದರಬೇಡಿ. ಒಂಟಿ ಕೈನೆಸಿನ್ ಕೂಡ ಸರಾಸರಿ ನೂರು ಹೆಜ್ಜೆಯ ಆಸುಪಾಸಿನಲ್ಲಿ ದಾರಿಯಿಂದ ಕಳಚಿ ಬೀಳುತ್ತದೆ. ಒಂದೇ ಸರಕಿಗೆ ಹಲವು ಪ್ರೋಟೀನುಗಳು ಅಂಟಿಕೊಂಡಿರುವುದರಿಂದ, ಒಂದು ಕಳಚಿದಾಗ ಇನ್ನೊಂದು ಹಗ್ಗ ಹಿಡಿದಿರುತ್ತದೆ.