ಜೋರು ಬೆಳಕಿನ ಟಾರ್ಚಿಗೆ ಲಿಥಿಯಂ ಸೆಲ್: ನಾನು ಆರಿಸುವ ಬಗೆ

ಸೆಲ್ ಮೇಲೆ ಬರೆದ ಎಂಎಎಚ್ ಅಂಕಿಯನ್ನು, ಅಂದರೆ ಅದು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದನ್ನು, ನಾನು ನೋಡುವುದು ಕೊನೆಗೆ. ಮೊದಲು ಬೇಕಾದದ್ದು, ಟಾರ್ಚು ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬ ಲೆಕ್ಕ. ಎಲ್‌ಇಡಿಗೆ 30 ವ್ಯಾಟ್ ಬೇಕು, ಡ್ರೈವರ್ (ಸೆಲ್ಲಿನ ಕರೆಂಟನ್ನು ಎಲ್‌ಇಡಿಗೆ ಕೊಡುವ ಸರ್ಕ್ಯೂಟ್) ದಕ್ಷತೆ ಶೇ 90 ಎಂದಿಟ್ಟುಕೊಳ್ಳಿ. ಸೆಲ್ 3.6 ವೋಲ್ಟ್‌ನಲ್ಲಿದ್ದರೆ ಎಳೆತ ಸುಮಾರು 9.3 ಆಂಪಿಯರ್, 3.2ಕ್ಕೆ ಇಳಿದಾಗ 10.4. ಬೆಳಕನ್ನು ಒಂದೇ ಸಮ ಇಡುವ ಡ್ರೈವರ್ ಆದರೆ ಚಾರ್ಜ್ ತಗ್ಗಿದಷ್ಟೂ ಎಳೆತ ಏರುತ್ತದೆ. ಅದಕ್ಕೇ 3.2ರ ಅಂಕಿ ಹಿಡಿದು, ಅದರ ಮೇಲೆ ಕಾಲು ಭಾಗ ಸೇರಿಸುತ್ತೇನೆ. 13 ಆಂಪಿಯರ್ ಬಂತು. ಅಂದರೆ ಸತತ 10 ಆಂಪಿಯರ್ ಮಾತ್ರ ಕೊಡಬಲ್ಲ ಸೆಲ್ ಸಾಲದು, 15ರದ್ದು ಬೇಕು.

18650 ಅಳತೆಯಲ್ಲಿ (18 ಮಿಮೀ ದಪ್ಪ, 65 ಮಿಮೀ ಉದ್ದ) ಸ್ಯಾಮ್‌ಸಂಗ್ 30ಕ್ಯೂ 3000 ಎಂಎಎಚ್, 15 ಆಂಪಿಯರ್. ಎಲ್‌ಜಿ ಎಂಜೆ1 3500 ಎಂಎಎಚ್, ಆದರೆ 10 ಆಂಪಿಯರ್. ಈ ಟಾರ್ಚಿಗೆ ನಾನು ಹಾಕುವುದು 30ಕ್ಯೂ. 21700 ಅಳತೆಯಲ್ಲೂ (21 ಮಿಮೀ ದಪ್ಪ, 70 ಮಿಮೀ ಉದ್ದ) ಅದೇ ಕತೆ: ಸ್ಯಾಮ್‌ಸಂಗ್ 50ಇ 5000 ಎಂಎಎಚ್ ಇದ್ದರೂ 9.8 ಆಂಪಿಯರ್‌ಗೆ ನಿಲ್ಲುತ್ತದೆ. ಮಾಲಿಸೆಲ್ ಪಿ42ಎ 4200 ಎಂಎಎಚ್, 45 ಆಂಪಿಯರ್.

ಇದಕ್ಕೆಲ್ಲ ಮೂಲ ಒಳರೋಧ, ಅಂದರೆ ಸೆಲ್ಲಿನ ಒಳಗೇ ಕರೆಂಟಿಗೆ ಆಗುವ ತಡೆ. 20 ಮಿಲಿಓಮ್ ಇರುವ ಸೆಲ್‌ನಿಂದ 10 ಆಂಪಿಯರ್ ಎಳೆದರೆ 0.2 ವೋಲ್ಟ್ ಕುಸಿಯುತ್ತದೆ. ಹಳತಾಗಿ 80 ಮಿಲಿಓಮ್‌ಗೆ ಏರಿದ ಸೆಲ್‌ನಲ್ಲಿ 0.8 ವೋಲ್ಟ್ ಹೋಗಿ, 8 ವ್ಯಾಟ್ ಸೆಲ್ಲಿನ ಒಳಗೇ ಬಿಸಿಯಾಗುತ್ತದೆ. ಪೂರ್ತಿ ಚಾರ್ಜ್ ಆದ 4.2 ವೋಲ್ಟ್, ಸ್ವಿಚ್ ಒತ್ತಿದೊಡನೆ 3.4. ಚಾರ್ಜ್ ಅರ್ಧ ಉಳಿದಿರುವಾಗಲೇ ಡ್ರೈವರ್ ಸೆಲ್ ಖಾಲಿಯಾಯಿತೆಂದು ಬೆಳಕು ತಗ್ಗಿಸುತ್ತದೆ, ಜನ ಟಾರ್ಚನ್ನು ಬೈಯುತ್ತಾರೆ. ಸೆಲ್ ಹೊಸದಾಗಿದ್ದೂ ಹೀಗಾದರೆ ಹಿಂಬದಿಯ ಮುಚ್ಚಳದ ಸ್ಪ್ರಿಂಗ್ ನೋಡಿ. ತೆಳು ಉಕ್ಕಿನ ಸ್ಪ್ರಿಂಗ್ ಕೂಡ ವೋಲ್ಟೇಜ್ ತಿನ್ನುತ್ತದೆ. ಅದರ ಎರಡು ತುದಿಗೆ ಮೆದು ತಾಮ್ರದ ತಂತಿ ಬೆಸುಗೆ ಹಾಕಿದರೆ ಸರಿಹೋಗುತ್ತದೆ.

ಹಾಗೆಂದು ಎಲ್ಲಕ್ಕೂ ಪಿ42ಎ ತುಂಬಬೇಡಿ. ಕರೆಂಟನ್ನು ನಿಯಂತ್ರಿಸದೆ ಸೆಲ್ಲಿನಿಂದ ನೇರ ಎಲ್‌ಇಡಿಗೆ ಬಿಡುವ ಡ್ರೈವರ್‌ಗಳಿವೆ. ಅಲ್ಲಿ ಒಳರೋಧ ಕಡಿಮೆಯಾದಷ್ಟೂ ಎಲ್‌ಇಡಿಗೆ ಹೆಚ್ಚು ನುಗ್ಗುತ್ತದೆ, ಸುಟ್ಟೂ ಹೋಗಬಹುದು.

ಕರೆಂಟ್ ಮಿತಿ ಮೀರಿದಾಗ ತಾನೇ ಕಡಿಯುವ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್, ಇಲ್ಲದ್ದಕ್ಕಿಂತ 3ರಿಂದ 5 ಮಿಮೀ ಹೆಚ್ಚು ಉದ್ದ. ಕೊಳವೆಯಲ್ಲಿ ಬಿಗಿದು ಸ್ಪ್ರಿಂಗ್ ಚಪ್ಪಟೆಯಾಗುತ್ತದೆ, ಜೋರು ಬೆಳಕಿಗೆ ಸರ್ಕ್ಯೂಟ್ ಕಡಿದುಕೊಂಡು ಟಾರ್ಚು ಆರಿಬಿಡುತ್ತದೆ. ವೋಲ್ಟೇಜ್ ಇಳಿದಾಗ ತಾನೇ ಆರುವ ಒಂದೇ ಸೆಲ್ಲಿನ ಟಾರ್ಚಿಗೆ ಮಾತ್ರ ನಾನು ರಕ್ಷಣೆಯಿಲ್ಲದ್ದನ್ನು ಹಾಕುತ್ತೇನೆ. ಎರಡು ಸೆಲ್ ಸಾಲಾಗಿ ಕೂರುವ ಟಾರ್ಚಿಗೆ ಒಂದೇ ಮಾದರಿ, ಒಂದೇ ವಯಸ್ಸಿನ ಜೋಡಿ. ಚಾರ್ಜ್ ಮಾಡುವುದೂ ಜೊತೆಯಲ್ಲೇ. ಇಲ್ಲದಿದ್ದರೆ ಬಲಹೀನ ಸೆಲ್ ಮೊದಲು ಬರಿದಾಗಿ, ಇನ್ನೊಂದು ಅದನ್ನು ಉಲ್ಟಾ ದಿಕ್ಕಿಗೆ ತಳ್ಳುತ್ತದೆ. ಅಪಾಯ ಇರುವುದು ಅಲ್ಲಿ.

9900 ಎಂಎಎಚ್ ಎಂದು ಬರೆದ 18650 ಸುಳ್ಳು. ಈ ಅಳತೆಯ ಒಳ್ಳೆಯ ಸೆಲ್‌ಗಳು 3500ರ ಆಸುಪಾಸಿನಲ್ಲೇ ನಿಲ್ಲುತ್ತವೆ, ತೂಕ 45ರಿಂದ 49 ಗ್ರಾಂ. ಹೊಸ ಸೆಲ್ ಬಂದೊಡನೆ ತೂಗಿ, 1 ಆಂಪಿಯರ್‌ನಲ್ಲಿ 4.2ರ ತನಕ ಚಾರ್ಜ್ ಮಾಡಿ ಎರಡು ವಾರ ಸುಮ್ಮನೆ ಇಡುತ್ತೇನೆ. ಮಲ್ಟಿಮೀಟರ್ 4.15 ತೋರಿಸಿದರೆ ಒಳಗೆ, 4.1ಕ್ಕಿಂತ ಕೆಳಗಾದರೆ ಹೊರಗೆ. ಬಳಸದೆ ಇಡುವುದಾದರೆ 3.7ರ ಹತ್ತಿರ, ತಂಪಾದ ಜಾಗದಲ್ಲಿ.

ಪ್ರತಿ ಸಲ ಚಾರ್ಜರ್‌ಗೆ ಹಾಕುವ ಮುನ್ನ ಪ್ಲಸ್ ತುದಿಯ ಅಂಚನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಸೆಲ್ಲಿನ ಡಬ್ಬಿ ಇಡೀ ಮೈನಸ್. ಅದು ಮೇಲೆ ಮಡಚಿಕೊಂಡ ಕಡೆ, ಪ್ಲಸ್ ಗುಂಡಿಗೂ ಅದಕ್ಕೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅದನ್ನು ಮುಚ್ಚಿರುವುದು ಒಂದು ಕಾಗದದ ಬಳೆ, ಅದರ ಮೇಲೆ ತೆಳು ಪ್ಲಾಸ್ಟಿಕ್ ಸಿಪ್ಪೆ. ಸಿಪ್ಪೆ ಅಲ್ಲಿ ಹರಿದಿದ್ದರೆ ಪ್ಲಸ್, ಮೈನಸ್ ಎರಡೂ ಸೇರಿ ಶಾರ್ಟ್ ಆಗಬಹುದು, ಆ ಸೆಲ್ ಟಾರ್ಚಿಗೆ ಹೋಗುವುದಿಲ್ಲ. ಹಳೆಯದನ್ನು ಸುಲಿದು, ಬಳೆ ಬದಲಿಸಿ, 18650 ಆದರೆ 29.5 ಮಿಮೀ ಚಪ್ಪಟೆ ಅಗಲದ, ಬಿಸಿಗೆ ಕುಗ್ಗುವ ಪಿವಿಸಿ ಕೊಳವೆ ತೊಡಿಸಿ, ಬಿಸಿಗಾಳಿಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತ ಹಾಯಿಸಿದರೆ ಅರ್ಧ ನಿಮಿಷದಲ್ಲಿ ಹೊಸ ಸಿಪ್ಪೆ ಮೈಗಂಟುತ್ತದೆ.