ದರ್ಘಾಸ್ ಎಂದರೆ ದರಖಾಸ್ತು ಅಲ್ಲ: ಕಾಸರಗೋಡಿನಲ್ಲಿ ಸರಕಾರಿ ಕೆಲಸ ಹಿಡಿಯುವುದು ಹೇಗೆ?

ಪಂಚಾಯತ್ ಆಫೀಸಿನ ನೋಟಿಸ್ ಬೋರ್ಡಿನ ಮುಂದೆ ನಿಂತು ಭಾವ ಫೋನ್ ಮಾಡಿದ್ದರು. "ಇಲ್ಲಿ ಎಂತದೋ ದರಖಾಸ್ತು ಕರೆದಿದ್ದಾರೆ ಮಾರಾಯ. ಜಾಗ ಕೊಡ್ತಾರಾ ಹೇಗೆ?" ಜಾಗ ಅಲ್ಲ, ಮೋರಿ ಕೆಲಸ. ನಮ್ಮ ಕನ್ನಡದಲ್ಲಿ ದರಖಾಸ್ತು ಎಂದರೆ ಸರಕಾರಿ ಜಾಗಕ್ಕೆ ಹಾಕುವ ಅರ್ಜಿ, ಮಲಯಾಳದಲ್ಲಿ ದರ್ಘಾಸ್ ಎಂದರೆ ಟೆಂಡರ್. ಆಗ ಭಾವ ಬರೀ ಮೇಸ್ತ್ರಿ. ಈಗ ಲೈಸೆನ್ಸ್ ಇರುವ ಕಂಟ್ರಾಕ್ಟರ್. ಅವರ ಕಾಗದಪತ್ರ, ಕಂಪ್ಯೂಟರ್ ಕೆಲಸ ನನ್ನ ಪಾಲಿಗೆ ಬಂದಿದೆ. ಇಲ್ಲಿ ಬರೆಯುತ್ತಿರುವುದು ಆ ಕುರ್ಚಿಯಲ್ಲಿ ಕೂತು ಕಲಿತದ್ದು.

ಮೊದಲು ನೋಟಿಸ್ ಓದಲು ಕಲಿಯಿರಿ

ಕನ್ನಡದವರಿಗೆ ಇಲ್ಲೊಂದು ತಮಾಷೆಯ ತೊಂದರೆ ಇದೆ. ಮಲಯಾಳ ನೋಟಿಸಿನ ಎಷ್ಟೋ ಶಬ್ದ ನಮಗೆ ಗೊತ್ತಿರುವಂತೆಯೇ ಕಾಣುತ್ತದೆ, ಅರ್ಥ ಮಾತ್ರ ಬೇರೆ. 'ಪ್ರವೃತ್ತಿ' ಎಂದರೆ ಕಾಮಗಾರಿ. 'ಸಾಂಕೇತಿಕಾನುಮತಿ' ಎಂದರೆ ಹೆಸರಿಗೆ ಮಾತ್ರ ಕೊಟ್ಟ ಒಪ್ಪಿಗೆ ಅಲ್ಲ, ತಾಂತ್ರಿಕ ಮಂಜೂರಾತಿ. 'ಭರಣಾನುಮತಿ' ಎಂದರೆ ಆಡಳಿತ ಮಂಜೂರಾತಿ. 'ಅಡಂಕಲ್ ತುಗ' ಅಂದಾಜು ಮೊತ್ತ. 'ನಿರತದ್ರವ್ಯಂ' ಎಂದರೆ ಇಎಂಡಿ, ಅಂದರೆ ಟೆಂಡರ್ ಹಾಕುವಾಗ ಇಡುವ ಮುಂಗಡ ಠೇವಣಿ. ಇನ್ನು 'ಅವಸಾನ ತೀಯತಿ' ನೋಡಿ ಹೆದರಬೇಡಿ, ಅದು ಕೊನೆಯ ದಿನಾಂಕ ಅಷ್ಟೇ.

ಆಫೀಸಿಗೆ ಕೊಡುವ ಅರ್ಜಿ, ದೂರು ಕನ್ನಡದಲ್ಲೇ ಇರಬಹುದು. 1969ರ ಕೇರಳ ಅಧಿಕೃತ ಭಾಷೆ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಆ ಅವಕಾಶ ಕೊಟ್ಟಿದೆ. ಆದರೆ ಟೆಂಡರ್ ಪೋರ್ಟಲ್‌ಗೆ ಕನ್ನಡ ಬರುವುದಿಲ್ಲ. ಅಲ್ಲಿ ಇಂಗ್ಲಿಷೇ ಗತಿ.

ಯಾರ ಕೆಲಸ, ಯಾರ ನಿಯಮ?

ಎಲ್ಲ ಸರಕಾರಿ ಕೆಲಸಕ್ಕೂ ಒಂದೇ ಪುಸ್ತಕ ಎಂದುಕೊಂಡವರು ಇಲ್ಲೇ ಎಡವುತ್ತಾರೆ. ಪೈವಳಿಕೆಯಲ್ಲೋ ಬದಿಯಡ್ಕದಲ್ಲೋ ಪಂಚಾಯತ್ ರಸ್ತೆಗೆ ಕಾಂಕ್ರೀಟ್ ಹಾಕುವುದಾದರೆ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಅಡಿ 1997ರಲ್ಲಿ ಬಂದ ಕಾಮಗಾರಿ ನಿಯಮಗಳು. ಲೋಕೋಪಯೋಗಿ ಇಲಾಖೆಯ ರಸ್ತೆ, ಕಟ್ಟಡಕ್ಕೆ ಪಿಡಬ್ಲ್ಯುಡಿ ಮ್ಯಾನುವಲ್. ಶಾಲೆಗೆ ಬೆಂಚು, ಆಸ್ಪತ್ರೆಗೆ ಮಂಚ ಎಂದು ಸಾಮಾನು ಪೂರೈಸುವುದಾದರೆ ಕೇರಳದ ಸ್ಟೋರ್ಸ್ ಪರ್ಚೇಸ್ ಮ್ಯಾನುವಲ್.

ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದ್ದರೂ ನಿಯಮ ದಿಲ್ಲಿಯದ್ದು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮ, 2017 ಅಲ್ಲಿಗೆ ಅನ್ವಯ. ಸಾಮಾನು ಮತ್ತು ಸೇವೆಗಳ ಖರೀದಿ ಹೆಚ್ಚಾಗಿ ಜೆಮ್ ಎಂಬ ಕೇಂದ್ರ ಸರಕಾರದ ಖರೀದಿ ಪೋರ್ಟಲ್ ಮೂಲಕವೇ ನಡೆಯುತ್ತದೆ. ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ ಅಲ್ಲಿ ಇಎಂಡಿಯಿಂದ ವಿನಾಯಿತಿ ಇದೆ. ಆದರೆ ಕಟ್ಟಡ, ರಸ್ತೆ ಕೆಲಸಕ್ಕೆ ಈ ವಿನಾಯಿತಿ ನಂಬಿ ಹೋಗಬೇಡಿ, ನೀತಿ ಇರುವುದು ಸಾಮಾನು ಮತ್ತು ಸೇವೆಗೆ.

ಲೈಸೆನ್ಸ್ ವಿಷಯ ಚಿಕ್ಕದು. ಕೇರಳದಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ. ಒಂದೊಂದು ದರ್ಜೆಗೆ ಹಿಡಿಯಬಹುದಾದ ಕೆಲಸದ ಮಿತಿ ಇದೆ. ನೋಟಿಸಿನಲ್ಲಿ ಕೇಳಿದ ದರ್ಜೆ ನಿಮ್ಮಲ್ಲಿ ಇಲ್ಲದಿದ್ದರೆ ಮುಂದೆ ಓದಿ ಪ್ರಯೋಜನವಿಲ್ಲ. ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿಕೊಳ್ಳಿ. ನಮ್ಮ ಕಡೆ ಮನೆತನದ ಹೆಸರು ಒಮ್ಮೆ ಹಿಂದೆ, ಒಮ್ಮೆ ಮುಂದೆ. ಅದರಿಂದಲೇ ಎಷ್ಟೋ ಓಡಾಟ.

ಪೋರ್ಟಲ್‌ನಲ್ಲಿ ಜಾರುವ ಜಾಗಗಳು

ತೀರಾ ಸಣ್ಣ ಕೆಲಸ ಬಿಟ್ಟರೆ ಉಳಿದದ್ದೆಲ್ಲ ಕೇರಳ ಸರಕಾರದ ಇ-ಟೆಂಡರ್ ಪೋರ್ಟಲ್‌ನಲ್ಲಿ. ಅದಕ್ಕೆ ಕ್ಲಾಸ್ 3 ಡಿಜಿಟಲ್ ಸಹಿ ಬೇಕು. ಪೆನ್‌ಡ್ರೈವ್ ಥರದ ಟೋಕನ್‌ನಲ್ಲಿ ಬರುತ್ತದೆ. ಸಹಿಗೊಂದು, ಗೂಢಲಿಪಿಗೊಂದು ಎಂದು ಎರಡು ಸರ್ಟಿಫಿಕೇಟ್ ಅದರಲ್ಲಿ ಇರುತ್ತವೆ. ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಡಿ. ಟೋಕನ್ ಅನ್ನು ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲೋ ಬೇರೆಯವರ ಕೈಯಲ್ಲೋ ಬಿಟ್ಟು ಬರಬೇಡಿ. ಅದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟ ಹಾಗೆ.

ಬಿಒಕ್ಯೂ, ಅಂದರೆ ಕೆಲಸದ ಬಾಬು ಮತ್ತು ಪ್ರಮಾಣಗಳ ಪಟ್ಟಿ ಇರುವ ಎಕ್ಸೆಲ್ ಹಾಳೆಯಲ್ಲಿ ದರ ತುಂಬಬೇಕು. ಅದರ ಹೆಸರು ಬದಲಿಸಬಾರದು, ಸಾಲು ಕಾಲಂ ಮುಟ್ಟಬಾರದು. ಇಳಿಸಿಕೊಂಡ ಹಾಗೆಯೇ ತುಂಬಿ ಏರಿಸಬೇಕು. ಟೆಂಡರ್ ಕರೆದ ಮೇಲೆ ತಿದ್ದುಪಡಿ ಬಂದು ಹಾಳೆಯೇ ಬದಲಾಗುವುದೂ ಉಂಟು. ಹಾಗಾಗಿ ಏರಿಸುವ ಮೊದಲು ಇನ್ನೊಮ್ಮೆ ನೋಡಿ.

ನನ್ನ ಮೊದಲ ಸೋಲು ಬೇರೆಯೇ ಕಾರಣಕ್ಕೆ. ಒಂದು ತಡೆಗೋಡೆ ಕೆಲಸಕ್ಕೆ ಎಲ್ಲ ಕಾಗದ ಏರಿಸಿದೆ, ಹಣ ಕಟ್ಟಿದೆ, ಹಸಿರು ಗುರುತು ಬಂತು. ನಿಶ್ಚಿಂತೆಯಿಂದ ಊಟಕ್ಕೆ ಹೋದೆ. ಕೊನೆಯ 'ಫ್ರೀಝ್ ಬಿಡ್' ಗುಂಡಿ ಒತ್ತಿರಲಿಲ್ಲ. ಅದನ್ನು ಒತ್ತಿ ರಸೀದಿ ಬಂದರೆ ಮಾತ್ರ ಟೆಂಡರ್ ಸಲ್ಲಿಸಿದಂತೆ. ನೆನಪಾಗಿ ಓಡಿ ಬರುವಾಗ ಸಮಯ ಮುಗಿದಿತ್ತು. ಪೋರ್ಟಲ್‌ನ ಮೇಲ್ಗಡೆ ಕಾಣುವ ಗಡಿಯಾರವೇ ಲೆಕ್ಕ, ನಿಮ್ಮ ಮೊಬೈಲಿನದ್ದಲ್ಲ. ಭಾವ ಏನೂ ಹೇಳಲಿಲ್ಲ. ಅಕ್ಕ ಮಾತ್ರ ಎರಡು ದಿನ ಹೇಳಿದಳು.

ಸಮಯ ಮುಗಿಯುವ ಮೊದಲು ದರ ಬದಲಿಸಿ ಮತ್ತೆ ಸಲ್ಲಿಸಬಹುದು. ಆದರೆ ಒಮ್ಮೆ ಪೂರ್ತಿ ಹಿಂದೆಗೆದುಕೊಂಡರೆ ಅದೇ ಟೆಂಡರಿಗೆ ಮರಳಿ ಹೋಗಲು ಆಗುವುದಿಲ್ಲ.

ದರ ಬರೆಯುವ ಮೊದಲು ಪೆನ್ಸಿಲ್ ಹಿಡಿಯಿರಿ

ನನ್ನ ಪ್ರಕಾರ ಇಡೀ ವ್ಯವಹಾರದ ಲಾಭನಷ್ಟ ಇಲ್ಲೇ ತೀರ್ಮಾನವಾಗುತ್ತದೆ, ಕೆಲಸದ ಜಾಗದಲ್ಲಿ ಅಲ್ಲ. ಕೇರಳದಲ್ಲಿ ಎಂಜಿನಿಯರ್‌ಗಳು ಕೇಂದ್ರ ಲೋಕೋಪಯೋಗಿ ಇಲಾಖೆಯ ದಿಲ್ಲಿ ದರಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡು ಸ್ಥಳೀಯ ಸೂಚ್ಯಂಕ ಸೇರಿಸಿ ಅಂದಾಜು ಮಾಡುತ್ತಾರೆ. ನೋಟಿಸಿನ ಪಿಎಸಿ ಎಂಬ ಮೊತ್ತ ಇದೇ. ನಿಮ್ಮ ಜಲ್ಲಿ ಯಾವ ಕೋರೆಯಿಂದ, ಎಷ್ಟು ದೂರದಿಂದ ಬರುತ್ತದೆ ಎಂಬುದು ಆ ಅಂದಾಜಿನಲ್ಲಿ ಇರುವ ದೂರಕ್ಕೆ ಹೊಂದುತ್ತದಾ? ಇದನ್ನು ಕೇಳದೆ ಶೇಕಡಾ ಹತ್ತು ಕಡಿಮೆ ಬರೆದು ಬರುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಕರ್ನಾಟಕದ ಕಡೆಯಿಂದ ಸಾಮಾನು ತಂದರೆ ಬಿಲ್ಲಿನಲ್ಲಿ ಐಜಿಎಸ್‌ಟಿ, ಅಂದರೆ ಅಂತರರಾಜ್ಯ ಜಿಎಸ್‌ಟಿ ಬರುತ್ತದೆ. ಅದರ ಕ್ರೆಡಿಟ್ ಇಲ್ಲಿಯ ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ಬಿಲ್ ಇಲ್ಲದ ಲೋಡ್ ಅಗ್ಗ ಅನಿಸಿದರೂ ಈ ವಜಾ ಕೈ ತಪ್ಪುತ್ತದೆ.

ಒಂದು ಉದಾಹರಣೆ ಹಾಕೋಣ. ಪಿಎಸಿ 8,00,000 ರೂಪಾಯಿ. ನೀವು 8% ಕಡಿಮೆ ಬರೆದಿರಿ. ಕರಾರು ಮೊತ್ತ 7,36,000. ಅದರ 5% ಭದ್ರತಾ ಠೇವಣಿ ಎಂದರೆ 36,800 ರೂಪಾಯಿ ಕೆಲಸ ಶುರುವಾಗುವ ಮೊದಲೇ ಒಳಗೆ ಹೋಯಿತು. ಬಿಲ್ ಬರುವಾಗ ಆದಾಯ ತೆರಿಗೆ 1%, ಅಂದರೆ 7,360. ಕರಾರು ಮೊತ್ತ ಎರಡೂವರೆ ಲಕ್ಷ ದಾಟಿದ್ದರಿಂದ ಜಿಎಸ್‌ಟಿ ಟಿಡಿಎಸ್ (ಬಿಲ್ಲಿನಲ್ಲೇ ಹಿಡಿಯುವ ತೆರಿಗೆ) 2%, ಅಂದರೆ 14,720. ಕಾರ್ಮಿಕ ಕಲ್ಯಾಣ ಸೆಸ್ 1%, ಇನ್ನೊಂದು 7,360. ಒಟ್ಟು ಕಡಿತ 29,440. ಇದರಲ್ಲಿ ಮೊದಲ ಎರಡು ಆಮೇಲೆ ನಿಮ್ಮ ತೆರಿಗೆಗೆ ಹೊಂದುತ್ತವೆ. ಸೆಸ್ ಹೋದದ್ದು ಹೋಯಿತು. ಇವೆಲ್ಲದರ ಮೇಲೆ 18% ಜಿಎಸ್‌ಟಿ ಇದೆ, 1,32,480 ರೂಪಾಯಿ. ದರದ ಒಳಗೆ ಜಿಎಸ್‌ಟಿ ಸೇರಿದೆಯೋ, ಬಿಲ್ಲಿನಲ್ಲಿ ಬೇರೆ ಕೊಡುತ್ತಾರೋ ಎಂಬ ಒಂದು ಸಾಲು ನೋಟಿಸಿನಲ್ಲಿ ಇರುತ್ತದೆ. ಆ ಸಾಲನ್ನು ಎರಡು ಸಲ ಓದಿ.

ಅಂದಾಜಿಗಿಂತ ತುಂಬಾ ಕೆಳಗೆ ಬರೆದರೆ ಇಲಾಖೆ ಹೆಚ್ಚುವರಿ ಭದ್ರತೆ ಕೇಳುತ್ತದೆ. ಆ ದುಡ್ಡು ಎಲ್ಲಿಂದ ತರುತ್ತೀರಿ ಎಂದು ಯೋಚಿಸದೆ ಸುಮ್ನೆ ಪೈಪೋಟಿಗೆ ಇಳಿಯಬೇಡಿ.

ಕೆಲಸ ಸಿಕ್ಕಿತು, ಈಗ?

ಆಯ್ಕೆ ಪತ್ರದಲ್ಲಿ ಹೇಳಿದ ದಿನದೊಳಗೆ ಛಾಪಾ ಕಾಗದದ ಮೇಲೆ ಕರಾರು ಆಗಬೇಕು. ತಪ್ಪಿದರೆ ಇಎಂಡಿ ಮುಟ್ಟುಗೋಲು. ಕೆಲಸ ಅರ್ಧಕ್ಕೆ ಬಿಟ್ಟರೆ ಇನ್ನೂ ಕಷ್ಟ. 'ರಿಸ್ಕ್ ಆಂಡ್ ಕಾಸ್ಟ್' ಎಂಬ ಷರತ್ತಿನಲ್ಲಿ ಉಳಿದ ಕೆಲಸವನ್ನು ಬೇರೆಯವರಿಂದ ಮಾಡಿಸಿ, ಹೆಚ್ಚಾದ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡಬಹುದು.

ನಮ್ಮ ಊರಿನಲ್ಲಿ ಅವಧಿಯ ಲೆಕ್ಕಕ್ಕೆ ಪತ್ತನಾಜೆ, ಅಂದರೆ ತುಳು ಬೇಶ ತಿಂಗಳ ಹತ್ತನೆಯ ದಿನ, ಒಂದು ಗಡಿ. ಮೇ ಕೊನೆಗೆ ಮಳೆ ಹಿಡಿದರೆ ಹೊಳೆಬದಿಯ ಅಡಿಪಾಯ, ಗುಡ್ಡದ ರಸ್ತೆ ಎರಡೂ ನಿಂತ ಹಾಗೆ. ಜನವರಿಯಲ್ಲಿ ಕರಾರು ಮಾಡಿ ಸೈಟ್ ಮಾರ್ಚಿನಲ್ಲಿ ಕೈಗೆ ಬಂದರೆ ಆ ತಡವನ್ನು ಕೂಡಲೇ ಬರವಣಿಗೆಯಲ್ಲಿ ತಿಳಿಸಿ. ಅವಧಿ ವಿಸ್ತರಣೆಯ ಅರ್ಜಿ ಅವಧಿ ಮುಗಿಯುವ ಮೊದಲೇ ಹೋಗಬೇಕು, ವಿಸ್ತರಣೆ ಸಿಕ್ಕರೆ ಪೂರಕ ಕರಾರು ಮಾಡಬೇಕು. "ಎಂಜಿನಿಯರ್ ಬಾಯಲ್ಲಿ ಹೇಳಿದ್ದಾರೆ" ಎಂಬುದಕ್ಕೆ ಫೈಲಿನಲ್ಲಿ ಜಾಗವಿಲ್ಲ.

ಮಣ್ಣಿನಡಿ ಹೋಗುವ ಕೆಲಸವನ್ನು ಅಳತೆ ಆಗದೆ ಮುಚ್ಚಲೇಬೇಡಿ. ಎಂ-ಬುಕ್ ಎಂಬ ಅಳತೆ ಪುಸ್ತಕದಲ್ಲಿ ಬರೆದಷ್ಟಕ್ಕೆ ಮಾತ್ರ ದುಡ್ಡು. ಅಂದಾಜಿನಲ್ಲಿ ಇಲ್ಲದ ಬಂಡೆ ಸಿಕ್ಕಿತು, ಒಡೆದಿರಿ, ಮುಚ್ಚಿದಿರಿ. ಹೇಳುವವರು ಯಾರು? ನಾನು ಈಗ ಭಾವನಿಗೆ ದಿನಾ ಸಂಜೆ ಫೋಟೊ ತೆಗೆದು ಕಳಿಸಲು ಹೇಳಿದ್ದೇನೆ. ಅದರಲ್ಲಿ ಟೇಪೂ ಕಾಣಬೇಕು.

ಬಿಲ್ ಪಾಸ್ ಆದರೂ ಟ್ರೆಷರಿಯ ಸರತಿ ಇದೆ. ಮಾರ್ಚ್ 31ರ ಹತ್ತಿರ ಎಲ್ಲ ಪಂಚಾಯತ್‌ಗಳ ಬಿಲ್ಲು ಒಟ್ಟಿಗೆ ನುಗ್ಗುತ್ತವೆ. ಸಿಮೆಂಟ್ ಅಂಗಡಿಯವರಿಗೆ ಕೊಡುವ ಮಾತನ್ನು ಆ ಸರತಿ ನೋಡಿಕೊಂಡೇ ಕೊಡಿ.

ಕೆಲಸ ಸಿಗದಿದ್ದರೆ, ಯಾಕೆ ಸಿಗಲಿಲ್ಲ ಎಂದು ಕೇಳುವ ಹಕ್ಕೂ ಇದೆ. ಯಾರು ಎಷ್ಟು ಬರೆದರು ಎಂಬುದು ಪೋರ್ಟಲ್‌ನಲ್ಲೇ ಕಾಣುತ್ತದೆ. ಕಡತದ ಪ್ರತಿ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪಂಚಾಯತ್‌ನ ಅವ್ಯವಹಾರದ ದೂರಿಗೆ ತಿರುವನಂತಪುರದಲ್ಲಿ ಸ್ಥಳೀಯ ಸಂಸ್ಥೆಗಳ ಓಂಬುಡ್ಸ್‌ಮನ್ ಇದ್ದಾರೆ.

ಭದ್ರತಾ ಠೇವಣಿ ದೋಷ ಹೊಣೆಯ ಅವಧಿ ಮುಗಿಯುವವರೆಗೆ ಅಲ್ಲೇ ಇರುತ್ತದೆ. ಆ ನಡುವೆ ಗೋಡೆ ಬಿರುಕು ಬಿಟ್ಟರೆ ನಿಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಅವಧಿ ಮುಗಿದ ಮೇಲೂ ಅದು ತಾನಾಗಿ ಮನೆಗೆ ಬರುವುದಿಲ್ಲ, ನೀವೇ ಅರ್ಜಿ ಕೊಡಬೇಕು. ಭಾವನ ಹಳೆಯ ಡೈರಿಯೊಂದರ ನಡುವೆ ಟ್ರೆಷರಿ ಠೇವಣಿಯ ರಸೀದಿ ಮೊನ್ನೆ ಸಿಕ್ಕಿತು. ಮೋರಿ ಆಗಿ ಐದು ಮಳೆ ಕಳೆದಿದೆ. ಅರ್ಜಿ ಕನ್ನಡದಲ್ಲೇ ಬರೆದು ಕೊಟ್ಟು ಬಂದಿದ್ದೇನೆ.