ಒಬ್ಬರೇ ತಾಯಿ, ಹಲವು ಅಳತೆ: ಲೆಕ್ಕ ಹಾಕುವುದು ಹೇಗೆ?

ಮಂಡ್ಯ ತಾಲ್ಲೂಕಿನ 100 ಗರ್ಭಿಣಿಯರ ಹಿಮೋಗ್ಲೋಬಿನ್ ಅನ್ನು ನಾಲ್ಕನೇ ತಿಂಗಳಲ್ಲೊಮ್ಮೆ, ಎಂಟನೇ ತಿಂಗಳಲ್ಲೊಮ್ಮೆ ನೋಡಿದ್ದೀರಿ ಎಂದಿಟ್ಟುಕೊಳ್ಳಿ. ಪ್ರತಿ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಎಣಿಸೋಣ. ಮೊದಲ ಸಲ 58 ಮಂದಿಗೆ ಇತ್ತು, ಎರಡನೇ ಸಲ 46 ಮಂದಿಗೆ. ಈ ಇಳಿಕೆ ನಿಜವೋ, ಆಕಸ್ಮಿಕವೋ?

ಹಲವರು ಇಲ್ಲಿ ಎರಡು ಪ್ರಮಾಣಗಳನ್ನು ಹೋಲಿಸುವ ಮಾಮೂಲಿ ಕೈ-ವರ್ಗ (chi-square) ಪರೀಕ್ಷೆ ಮಾಡಿಬಿಡುತ್ತಾರೆ. ಉತ್ತರ 2.88; ಇಳಿಕೆ ಬರೀ ಆಕಸ್ಮಿಕವಲ್ಲ ಎನ್ನಲು (ಶೇ 5ರ ಮಟ್ಟದಲ್ಲಿ) ಬೇಕಾದ 3.84ಕ್ಕಿಂತ ಕಡಿಮೆ. ‘ವ್ಯತ್ಯಾಸವಿಲ್ಲ’ ಎಂದು ಬರೆದು ಮುಗಿಸುತ್ತಾರೆ. ಆದರೆ ಆ ಪರೀಕ್ಷೆ ಇವರನ್ನು 200 ಬೇರೆ ಬೇರೆ ಹೆಂಗಸರೆಂದು ತಿಳಿಯುತ್ತದೆ.

ಮೊದಲು ತಾಯಿ ಕಾರ್ಡ್ ಸಂಖ್ಯೆ ಹಿಡಿದು ಎರಡೂ ಅಳತೆಗಳನ್ನು ಜೋಡಿ ಮಾಡಿ. ಎರಡೂ ಸಲ ರಕ್ತಹೀನತೆ ಇದ್ದವರು 38, ಎರಡೂ ಸಲ ಇಲ್ಲದವರು 34, ಸುಧಾರಿಸಿದವರು 20, ಹೊಸದಾಗಿ ಬಂದವರು 8. ಬದಲಾವಣೆಯ ಸುದ್ದಿ ಹೇಳುವವರು ಈ ಕೊನೆಯ 28 ಮಂದಿ ಮಾತ್ರ. 20ರಲ್ಲಿ 8 ಕಳೆದು, 12ರ ವರ್ಗವನ್ನು 28ರಿಂದ ಭಾಗಿಸಿದರೆ 5.14. ಇದು 3.84ನ್ನು ಮೀರಿದೆ; ಇಳಿಕೆ ಬರೀ ಆಕಸ್ಮಿಕ ಎನ್ನಲಾಗದು. ಇದು 1947ರ ಮೆಕ್‌ನಿಮಾರ್ ಪರೀಕ್ಷೆ.

ಭೇಟಿ ಮೂರೋ ನಾಲ್ಕೋ ಆದರೆ, ವಯಸ್ಸು, ಹೆರಿಗೆಯ ಸಂಖ್ಯೆಯನ್ನೂ ಸೇರಿಸಬೇಕಾದರೆ ಇದು ಸಾಲದು. ಆಗ ಲಿಯಾಂಗ್ ಮತ್ತು ಜೀಗರ್ 1986ರಲ್ಲಿ ಕೊಟ್ಟ ಜಿಇಇ (generalized estimating equations) ವಿಧಾನಕ್ಕೆ ಬನ್ನಿ; ಒಬ್ಬರದೇ ಹಲವು ಅಳತೆಗಳ ನಡುವಿನ ನಂಟನ್ನು ಇದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಳೆಯಲ್ಲಿ ಒಂದು ಭೇಟಿಗೆ ಒಂದು ಸಾಲು ಇರಲಿ. ಒಬ್ಬ ತಾಯಿಯ ಸಾಲುಗಳು ಒಂದರ ಕೆಳಗೊಂದು ದಿನಾಂಕದ ಕ್ರಮದಲ್ಲಿ ಬರಲಿ. ಸಂಖ್ಯಾಶಾಸ್ತ್ರದ ತಂತ್ರಾಂಶ ‘ಆರ್’ನಲ್ಲಿ ಜಿಇಇ ಮಾಡುವ ಜೀಪ್ಯಾಕ್ (geepack) ಬಳಸುವಾಗ ಸಾಲುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಅದು ಒಬ್ಬಳನ್ನೇ ಹಲವರೆಂದು ಎಣಿಸೀತು. ಅಳತೆಗಳ ನಡುವಿನ ನಂಟಿಗೆ ‘ಎಲ್ಲವೂ ಸಮಾನ’ (exchangeable) ಎಂಬ ರಚನೆಯಿಂದ ಶುರುಮಾಡಿ, ಅಂದರೆ ಒಬ್ಬ ತಾಯಿಯ ಯಾವ ಎರಡು ಅಳತೆಗಳ ನಂಟೂ ಒಂದೇ ಎಂದುಕೊಳ್ಳಿ. ಅದು ಪೂರ್ತಿ ಸರಿಯಿಲ್ಲದಿದ್ದರೂ ಸ್ಯಾಂಡ್‌ವಿಚ್ ದೋಷಮಾನ (ನಂಟಿನ ಊಹೆ ತಪ್ಪಿದರೂ ಉತ್ತರದ ಅನಿಶ್ಚಿತತೆಯನ್ನು ಸರಿಯಾಗಿ ಅಂದಾಜಿಸುವ ಲೆಕ್ಕ) ಕಾಪಾಡುತ್ತದೆ, ತಾಯಂದಿರ ಸಂಖ್ಯೆ ಸಾಕಷ್ಟಿದ್ದರೆ. ಸುಮಾರು 40ಕ್ಕಿಂತ ಕಡಿಮೆ ಇದ್ದರೆ ಅದು ದೋಷವನ್ನು ಚಿಕ್ಕದಾಗಿ ತೋರಿಸುತ್ತದೆ. ಸಣ್ಣ ಮಾದರಿಯ ತಿದ್ದುಪಡಿ ಹಾಕಲೇಬೇಕು.

ಬೇರೆ ಬೇರೆ ತಾಯಂದಿರ ಎರಡು ಗುಂಪುಗಳನ್ನು ಹೋಲಿಸುವಾಗ ತಪ್ಪು ತಿರುವುಮುರುವು: 100 ತಾಯಂದಿರ 300 ಸಾಲುಗಳನ್ನು 300 ಜನರೆಂದರೆ, ಇಲ್ಲದ ಪರಿಣಾಮವೂ ಇದ್ದಂತೆ ಕಾಣುತ್ತದೆ.

ಜಿಇಇ ಇಡೀ ಗುಂಪಿನ ಸರಾಸರಿ ಹೇಳುತ್ತದೆ. ಒಬ್ಬ ತಾಯಿಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ, ಪ್ರತಿ ತಾಯಿಗೂ ಅವಳದೇ ಆದ ಮಟ್ಟವನ್ನು ಒಪ್ಪುವ ಮಿಶ್ರ ಮಾದರಿ (mixed model) ಬೇಕು. ಅದರ ಆಡ್ಸ್ ಅನುಪಾತ (ಒಂದು ಸ್ಥಿತಿಯಲ್ಲಿ ರಕ್ತಹೀನತೆ ಇರುವ-ಇಲ್ಲದ ಸಾಧ್ಯತೆಗಳ ಅನುಪಾತವನ್ನು ಇನ್ನೊಂದು ಸ್ಥಿತಿಯ ಅದೇ ಅನುಪಾತದಿಂದ ಭಾಗಿಸಿದ್ದು; 1 ಎಂದರೆ ವ್ಯತ್ಯಾಸವಿಲ್ಲ) ಸಾಮಾನ್ಯವಾಗಿ ಜಿಇಇಯದಕ್ಕಿಂತ 1ರಿಂದ ಇನ್ನಷ್ಟು ದೂರ ಇರುತ್ತದೆ; ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ.

ನಮ್ಮ ಕಡೆ ನಿಜವಾದ ತೊಡಕು ಬೇರೆ. ಸೀಮಂತ ಮುಗಿಸಿ ಎಷ್ಟೋ ಜನ ತವರಿಗೆ ಹೋಗುತ್ತಾರೆ. ಎಂಟನೇ ತಿಂಗಳ ಕಾಲಂ ಖಾಲಿ. ರಕ್ತ ತೀರಾ ಕಡಿಮೆ ಇದ್ದವರು ಜಿಲ್ಲಾ ಆಸ್ಪತ್ರೆಗೆ ಹೋಗಿ ಪಟ್ಟಿಯಿಂದಲೇ ತಪ್ಪಿದರೆ, ಉಳಿದವರ ಅಂಕಿ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಹಿಂದಿನ ಅಳತೆಯೇ ಗೈರಿಗೆ ಕಾರಣವಾಗಿದ್ದರೆ ಮಿಶ್ರ ಮಾದರಿ ತಾಳಿಕೊಳ್ಳುತ್ತದೆ, ಮಾಮೂಲಿ ಜಿಇಇ ತಾಳದು. ರಕ್ತದ ಮಟ್ಟಕ್ಕೆ ನಂಟಿರುವ, ಆದರೆ ದಾಖಲಾಗದ ಕಾರಣವಿದ್ದರೆ ಎರಡೂ ಕೈಕೊಡುತ್ತವೆ. ಆದ್ದರಿಂದ ಮೊದಲ ಭೇಟಿಯಲ್ಲೇ ತವರಿನ ಊರು, ಅಲ್ಲಿನ ಆಶಾ ಕಾರ್ಯಕರ್ತೆಯ ಫೋನ್ ಸಂಖ್ಯೆ ಬರೆದುಕೊಳ್ಳಿ. ಬಾರದವರ ಎದುರು ಬರೀ ಗೆರೆ ಎಳೆಯದೆ ಕಾರಣವನ್ನೂ ನಮೂದಿಸಿ.